ಮೂರನೇ ಬಾಟಲಿ

ಮಾಜಾಳಿಯ ನೀತಾ ಗೋವೆಯ ಹೋಟೆಲೊಂದರಲ್ಲಿ ಆರು ವರ್ಷ ದುಡಿದು ವೈನಿನ ಕೆಲಸ ಕಲಿತವಳು. ಯಾವ ವೈನಿಗೆ ಯಾವ ಚೀಸ್ ಹೊಂದುತ್ತದೆಂದು ಮೂಸಿ ಹೇಳುತ್ತಿದ್ದಳು. ಕಾರವಾರದ ಕಡಲಂಚಿನ ಹೊಸ ಹೋಟೆಲಿನವರು ಅದಕ್ಕೇ ಅವಳನ್ನು ಕರೆಸಿಕೊಂಡಿದ್ದರು. ಆದರೆ ಮೂರು ವಾರದ ಹಿಂದೆ ಬಂದ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಒಯ್ದಿತ್ತು. ಒಲೆಯ ಮೇಲೆ ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಕೆಲಸ ಹೋದೀತೆಂದು ಹೋಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಶನಿವಾರ ಸಂಜೆ ಹನ್ನೆರಡು ಮಂದಿ ಅತಿಥಿಗಳಿಗೆ ವೈನ್ ಮತ್ತು ಚೀಸ್ ರುಚಿ ತೋರಿಸುವ ಮೊದಲ ಕೂಟವಿತ್ತು. ಚೀಸ್ ಅಂಕೋಲೆಯ ರಕ್ಷಿತಾಳದು. ಹಟ್ಟಿಕೇರಿಯಿಂದ ಎಮ್ಮೆ ಹಾಲು ತರಿಸಿ, ಎರಡು ವರ್ಷ ಕೆಡಿಸಿ ಕೆಡಿಸಿ ಕಲಿತವಳು ಅವಳು. ಅತಿಥಿಗಳಿಗೆ ಹಿಡಿಸಿದರೆ ಪ್ರತಿವಾರ ಕೊಳ್ಳುವುದಾಗಿ ಮ್ಯಾನೇಜರ್ ರಾಮನಾಥ ಹೇಳಿದ್ದರು. ರಕ್ಷಿತಾ ಮೇಜಿನ ತುದಿಯಲ್ಲಿ ಸೆರಗು ಹಿಂಡುತ್ತ ಕೂತಿದ್ದಳು.

ನೀತಾ ಬೆಳಗಿನಿಂದ ನಿಂತಲ್ಲಿ ನಿಲ್ಲಲಿಲ್ಲ. ಒರೆಸಿದ ಗ್ಲಾಸುಗಳನ್ನೇ ಮತ್ತೆ ಒರೆಸಿದಳು. ಬಾಟಲಿಗಳ ಸಾಲು ಬದಲಿಸಿದಳು, ಮತ್ತೆ ಮೊದಲಿನಂತೆಯೇ ಇಟ್ಟಳು. ಕರ್ಪೂರ ಮೂಸಿ ನೋಡಿದಳು, ಏನೂ ಇಲ್ಲ.

ಮೊದಲೆರಡು ವೈನುಗಳನ್ನು ನೆನಪಿನ ಬಲದಿಂದಲೇ ದಾಟಿಸಿದಳು. ಮೂರನೆಯದು ಕೆಂಪು ವೈನು, ಜೊತೆಗೆ ನಾಲ್ಕು ತಿಂಗಳು ಮಾಗಿಸಿದ ಗಟ್ಟಿ ಚೀಸು. ಬಾಟಲಿ ತೆರೆದು, ಮೂಸಿದಂತೆ ಮಾಡಿ, ನೇರಳೆ ಹಣ್ಣಿನ ಪರಿಮಳವಿದೆ ಎಂದಳು. ಯಾರೂ ತಲೆಯಾಡಿಸಲಿಲ್ಲ. ಒಬ್ಬ ಹೆಂಗಸು ತಟ್ಟೆ ಸರಿಸಿ, ಚೀಸು ಒದ್ದೆ ಗೋಣಿಯಂತೆ ನಾರುತ್ತಿದೆ ಎಂದರು. ಇನ್ನಿಬ್ಬರೂ ತಟ್ಟೆ ಸರಿಸಿದರು. ರಕ್ಷಿತಾಳ ಮುಖ ಬಿಳಿಚಿತು. ರಾಮನಾಥ ತಟ್ಟೆಗಳನ್ನು ತೆಗೆಯಲು ಸನ್ನೆ ಮಾಡಿದರು.

ಒದ್ದೆ ಗೋಣಿ ಎಂದ ಕೂಡಲೇ ನೀತಾಳಿಗೆ ಅರ್ಥವಾಗಿತ್ತು. ಬಾಟಲಿಯ ಬಿರಡೆ ಕೆಟ್ಟು ಹಾಳಾದ ವೈನಿನ ವಾಸನೆ ಅದು. ಸುಮ್ಮನಿದ್ದರೆ ತಪ್ಪು ಚೀಸಿನ ಮೇಲೆ ಹೋಗುತ್ತಿತ್ತು.

"ತಟ್ಟೆ ತೆಗಿಬೇಡಿ," ಎಂದಳು. "ಹಾಳಾಗಿದ್ದು ಚೀಸಲ್ಲ, ವೈನು. ನಂಗೆ ಮೂರು ವಾರದಿಂದ ವಾಸನೆ ಬರೂದಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ."

ರಕ್ಷಿತಾ ಎದ್ದು ಬಂದು ಗ್ಲಾಸು ಮೂಸಿದಳು, ಆಮೇಲೆ ಚೀಸು. ವಾಸನೆ ಗ್ಲಾಸಿನದೇ ಎಂದಳು. ಹೊಸ ಬಾಟಲಿಯನ್ನು ಅವಳೇ ಮೂಸಿ ಒಪ್ಪಿದ ಮೇಲೆ ನೀತಾ ಸುರಿದಳು. ದೂರಿದ್ದ ಹೆಂಗಸೇ ಇನ್ನೊಂದು ತುಂಡು ಕೇಳಿದರು.

ಅತಿಥಿಗಳು ಹೋದ ಮೇಲೆ ರಕ್ಷಿತಾ ನೀತಾಳನ್ನು ಬಾಗಿಲಲ್ಲಿ ತಡೆದಳು. "ಒಂದು ಮಾತು ಹೇಳೂಕೆ ಏನಾಗಿತ್ತು ಮಾರಾಯ್ತಿ? ನಾ ಪಕ್ಕದಲ್ಲಿ ನಿಂತ್ಕಂಡು ಮೂಸ್ತಿದ್ದೆ."



ಚೀಸಿನ ಆರ್ಡರು ರಕ್ಷಿತಾಳಿಗೆ ಸಿಕ್ಕಿತು. ವಾಸನೆ ಮರಳುವವರೆಗೆ ಬಾಟಲಿ ತೆರೆಯುವ ಕೆಲಸವನ್ನು ರಾಮನಾಥ ಬಡಿಸುವ ಹುಡುಗ ಆಶಿಷನಿಗೆ ವಹಿಸಿದರು. ಉಪ್ಪು, ಹುಳಿ, ಒಗರು ಇನ್ನೂ ನೀತಾಳ ನಾಲಿಗೆಗೆ ತಿಳಿಯುತ್ತಿದ್ದುದರಿಂದ ವೈನಿಗೆ ಚೀಸಿನ ಜೋಡಿ ಆರಿಸುವುದು ಮಾತ್ರ ಅವಳಿಗುಳಿಯಿತು. ಶನಿವಾರಗಳಂದು ಅವಳು ಆಶಿಷನ ಹಿಂದೆ ನಿಂತು, ಹೇಗಿದೆ, ಹೇಗಿದೆ ಎಂದು ಮೆಲ್ಲಗೆ ಕೇಳುತ್ತಲೇ ಇರುತ್ತಾಳೆ.