ಅಂಗೈ ಮೇಲಿನ ಬಿಸಿಲು

ನಮ್ಮ ಸೋದರತ್ತೆ ನಡೆಯುವಾಗ ನೆಲ ನೋಡಿದ್ದನ್ನು ಕಂಡವರಿಲ್ಲ. ಗದ್ದವನ್ನು ಮೇಲೆತ್ತಿ, ಕತ್ತನ್ನು ತುಸು ಎಡಕ್ಕೆ ವಾಲಿಸಿ, ಆಕಾಶದೊಂದಿಗಿನ ಯಾವುದೋ ಹಳೆಯ ತಕರಾರು ಇನ್ನೂ ಇತ್ಯರ್ಥವಾಗಿಲ್ಲವೆಂಬ ಗತ್ತಿನಲ್ಲಿ ಅವರು ಕಾಫಿ ಗಿಡಗಳ ನಡುವಿನ ಇಳಿಜಾರಿನಲ್ಲಿ ದಾಪುಗಾಲು ಹಾಕುತ್ತಿದ್ದರೆ, ಹಿಂದೆ ಓಡುವ ನಮಗೆ ಅವರೆಲ್ಲಿ ಮುಗ್ಗರಿಸುತ್ತಾರೋ ಎಂಬ ದಿಗಿಲು. ಬೀಳುತ್ತಿದ್ದವರು ಮಾತ್ರ ಯಾವಾಗಲೂ ನಾವೇ. ಮೈಮೇಲೆ ತಾತನ ಕಾಲದ, ಗುಂಡಿ ಉದುರಿದ ಉದ್ದನೆಯ ಮಳೆಕೋಟು. ಬೇಸಿಗೆಯಲ್ಲಾದರೂ ಅದನ್ನು ಕಳಚಿಡಿ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೇಲೆ ನೋಡುವುದೇ ಅವರ ಕಸುಬು. ನಮ್ಮ ಬೆಟ್ಟದ ತೋಟದಲ್ಲಿ ಕಾಫಿ ಬೆಳೆಯುವುದು ದೊಡ್ಡ ಮರಗಳ ನೆರಳಿನಲ್ಲಿ. ನೆರಳು ಹದವಾಗಿದ್ದರೆ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜದಲ್ಲಿ ಸಿಹಿ ನಿಲ್ಲುತ್ತದೆ. ಹೆಚ್ಚಾದರೆ ಗಿಡ ಕಾಯಿ ಕಟ್ಟುವುದನ್ನೇ ಮರೆಯುತ್ತದೆ, ಕಟ್ಟಿದ ಕಾಯಿಯೂ ಸಿಹಿ ಹಿಡಿಯುವುದಿಲ್ಲ. ಕಡಿಮೆಯಾದರೆ ಹಣ್ಣು ಅವಸರಕ್ಕೆ ಕೆಂಪಾಗಿ ಒಳಗೆ ಚಪ್ಪೆಯಾಗಿ ಉಳಿಯುತ್ತದೆ. ಹಾಗಾಗಿ ಪ್ರತಿವರ್ಷ ಮಳೆಗೆ ಮೊದಲು, ಯಾವ ಮರದ ಯಾವ ಕೊಂಬೆ ಇಳಿಯಬೇಕೆಂದು ಅತ್ತೆ ತೀರ್ಮಾನಿಸುತ್ತಿದ್ದರು. ಗಿಡದ ಪಕ್ಕ ನಿಂತು ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಚಾಚುವುದು, ಎಲೆಗಳ ಸಂದಿನಿಂದ ಇಳಿದ ಬಿಸಿಲಿನ ಚುಕ್ಕೆಗಳು ಅದರ ಮೇಲೆ ಆಡುವುದನ್ನು ದಿಟ್ಟಿಸುವುದು, ಲೊಚಗುಟ್ಟಿ, ಮೇಲಕ್ಕೆ ಬೆರಳು ತೋರಿಸಿ, "ಅದನ್ನ ತೆಗಿ" ಎನ್ನುವುದು. ಮರ ಹತ್ತುವ ಕೊಂಬೆಯಣ್ಣ (ಅವನ ಅಸಲು ಹೆಸರು ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ) "ನೀವು ಹೇಳಿದ ಹಾಗೆ, ಅಮ್ಮ" ಎಂದು ಕತ್ತಿ ಬೀಸುತ್ತಿದ್ದ.

ಕೂರುವುದೆಂದರೆ ಅವರಿಗೆ ಶಿಕ್ಷೆ. ಕಾಫಿಯನ್ನು ನಿಂತೇ ಅರ್ಧ ಕುಡಿದು, ಉಳಿದರ್ಧವನ್ನು ಎಲ್ಲೋ ಇಟ್ಟು ಮರೆಯುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ, ಏಣಿಯ ಮೆಟ್ಟಿಲಲ್ಲಿ, ಒಮ್ಮೆ ಅಪ್ಪನ ಬೂಟಿನೊಳಗೂ ಲೋಟ ಸಿಕ್ಕಿತ್ತು. ಯಾರ ಮನೆಗೆ ಹೋದರೂ ಕುರ್ಚಿಗಳನ್ನು ಬಿಸಿಲಿನಿಂದ ಎಳೆದು, ಪರದೆ ಸರಿಸಿ, ಕೂತವರನ್ನೆಲ್ಲ ಎಬ್ಬಿಸಿ ಬೇರೆಡೆ ಕೂರಿಸಿದ ಮೇಲೆಯೇ "ಚೆನ್ನಾಗಿದ್ದೀರಾ?" ಎಂಬ ಪ್ರಶ್ನೆ.

"ಅಕ್ಕ, ಮನುಷ್ಯರು ಕಾಫಿ ಗಿಡ ಅಲ್ಲ" ಎಂದು ಅಪ್ಪ ತಲೆ ಚಚ್ಚಿಕೊಂಡರೆ, "ಗೊತ್ತು. ಗಿಡಕ್ಕೆ ಹೇಳಿದ್ರೆ ಅರ್ಥ ಆಗುತ್ತೆ" ಎನ್ನುತ್ತಿದ್ದರು.

ಇಡೀ ತೋಟದಲ್ಲಿ ಅವರ ಜೀವವಿದ್ದದ್ದು ನೀರಿನ ಬುಗ್ಗೆಯ ಕೆಳಗಿನ ತಾಕಿನಲ್ಲಿ, ತೋಟದ ಆ ಒಂದು ತುಂಡಿನಲ್ಲಿ. ಅಲ್ಲಿನ ಒಂದೊಂದು ಗಿಡವನ್ನೂ ಅವರು ಬೀಜ ಹಾಕಿ ಬೆಳೆಸಿದ್ದರು. ಆ ಕಾಫಿಯನ್ನು ಉಳಿದದ್ದರೊಂದಿಗೆ ಬೆರೆಸದೆ, ಬೇರೆಯೇ ಚೀಲದಲ್ಲಿ, ಆ ತಾಕಿನ ಹೆಸರಿನಲ್ಲೇ ಕೊಳ್ಳುತ್ತಿದ್ದ ಒಬ್ಬ ರುಚಿಗಾರ್ತಿಯಿದ್ದಳು. ಪ್ರತಿವರ್ಷ ಬಂದು, ಬಟ್ಟಲುಗಳನ್ನು ಸಾಲಾಗಿಟ್ಟು, ಚಮಚೆಯಿಂದ ಸೊರ್ರೆಂದು ಹೀರಿ ಮುಗುಳ್ನಗುತ್ತಿದ್ದ ಆಕೆ, ಮೂರು ವರ್ಷಗಳಿಂದ ನಗುವುದನ್ನು ನಿಲ್ಲಿಸಿದ್ದಳು.

"ಮೊದಲಿನ ಸಿಹಿ ಇಲ್ಲ" ಎಂದಳು ಕೊನೆಗೆ. "ಇನ್ನೊಂದು ವರ್ಷ ನೋಡ್ತೀನಿ. ಹೀಗೇ ಇದ್ರೆ ಮಾಮೂಲಿ ಚೀಲಕ್ಕೆ ಸೇರಿಸಬೇಕಾಗುತ್ತೆ."

ಅಪ್ಪ ಮಣ್ಣನ್ನು ಬೈದರು, ಹವೆಯನ್ನು ಬೈದರು, ಆಕೆ ಹೋದ ಮೇಲೆ ಆಕೆಯ ನಾಲಿಗೆಯನ್ನೂ ಬೈದರು. ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ: ನೆರಳು ದಟ್ಟವಾಗಿದೆ. ಕಾಲು ಸುಟ್ಟ ಬೆಕ್ಕಿನಂತೆ ತಾಕಿನ ಉದ್ದಗಲ ತಿರುಗಿದರು. ಹಿಂದಿನ ವರ್ಷಗಳಂತೆ ಈ ಸಲವೂ, ಹೋದ ವರ್ಷಕ್ಕಿಂತ ಹೆಚ್ಚು ಕೊಂಬೆ ಇಳಿಸಿದರು.

"ಇಷ್ಟು ಸಾಕಲ್ವಾ, ಅಮ್ಮ?" ಎಂದ ಕೊಂಬೆಯಣ್ಣ, ಮರದ ಮೇಲಿಂದಲೇ, ಹೆದರುತ್ತ.

"ಹಾಡುಹಗಲಲ್ಲಿ ದೀಪ ಹಚ್ಚೋ ಹಾಗಿದೆ, ಸಾಕಂತೆ ಸಾಕು! ಕಡಿ ಸುಮ್ನೆ."

ಆ ವರ್ಷದ ಕಾಯಿ ಬಲಿಯುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಡುಗೆಮನೆಯಲ್ಲಿ ಯಾಕೆ ಯಾರೂ ದೀಪ ಹಾಕಿಲ್ಲವೆಂದು ಅವರು ರೇಗಿದರು. ಕಿಟಕಿಗಳೆಲ್ಲ ತೆರೆದೇ ಇದ್ದವು. ಅವರು ಬೇಡವೆಂದು ಹಾರಾಡಿದರೂ ಬಿಡದೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದೆ. ಅಲ್ಲಿಯೂ ಕಾಯುತ್ತಿದ್ದ ರೋಗಿಗಳ ಕುರ್ಚಿಗಳನ್ನೆಲ್ಲ ಎಳೆದಾಡಿ ನರ್ಸಿನಿಂದ ಬೈಸಿಕೊಂಡರು.

"ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಹಳ ವರ್ಷದ್ದು" ಎಂದರು ವೈದ್ಯರು. "ಎಲ್ಲಾ ಮಬ್ಬುಮಬ್ಬಾಗಿ ಕಾಣ್ತಿರಲಿಲ್ವಾ ನಿಮಗೆ?"

ಅತ್ತೆ ಕುರ್ಚಿಯಲ್ಲಿ ಅಲುಗಾಡದೆ ಕೂತುಬಿಟ್ಟರು. "ಕತ್ತಲೆ ಕಾಣ್ತಿತ್ತು" ಎಂದರು ಆಮೇಲೆ, ಮೆಲ್ಲಗೆ. "ನಾನು ಮರದ್ದು ಅಂದ್ಕೊಂಡೆ."

ಶಸ್ತ್ರಚಿಕಿತ್ಸೆಯಾಗಿ, ಪಟ್ಟಿ ಬಿಚ್ಚಿ, ಹೊರಗೆ ಹೋಗಬಹುದೆಂದು ವೈದ್ಯರು ಅಪ್ಪಣೆ ಕೊಟ್ಟ ಬೆಳಿಗ್ಗೆ ಅವರು ನೆಟ್ಟಗೆ ಬುಗ್ಗೆಯ ಕೆಳಗೆ ಇಳಿದರು. ಅಂಗೈ ಚಾಚಿದರು. ಅಂಗೈ ತುಂಬ ಬಿಸಿಲು. ಎಲೆಯೇ ಇಲ್ಲದ ಮೇಲೆ ಚುಕ್ಕೆಗಳೆಲ್ಲಿಯವು? ಮರಗಳು ಮೊಂಡಾಗಿ ನಿಂತಿದ್ದವು, ಕೆಳಗೆ ಹಣ್ಣುಗಳು ಕಾಲಕ್ಕೆ ಮುಂಚೆಯೇ ಕೆಂಪಾಗಿದ್ದವು. "ಅಯ್ಯೋ, ಏನು ಮಾಡಿಬಿಟ್ಟೆ!" ಎಂದು ಅವರು ಕೂಗಿದ್ದು ಕೇಳಿ ನಾನು ಹತ್ತಿರ ಹೋದೆ.

"ಕಣ್ಣಿಗೆ ಪೊರೆ ಬಂದ್ರೆ ನೀವೇನು ಮಾಡ್ತೀರಿ, ಅತ್ತೆ?"

"ಪೊರೆ ಬಂದಿದ್ದು ಕಣ್ಣಿಗೆ. ಕಿವಿಗೇನಾಗಿತ್ತು? ಸಾಕಲ್ವಾ ಅಂತ ಕೊಂಬೆಯಣ್ಣ ಕೇಳಿದ್ನಲ್ಲ."

ಕೊಯ್ಲು ಮುಗಿದು ರುಚಿಗಾರ್ತಿ ಬಂದಾಗ ಬುಗ್ಗೆಯ ತಾಕಿನ ಚೀಲ ಇರಲಿಲ್ಲ. ಆಕೆ ಚಮಚೆ ಎತ್ತುವ ಮೊದಲೇ ಅತ್ತೆ ಹೇಳಿದರು: "ಮಾಮೂಲಿ ಚೀಲಕ್ಕೆ ನಾನೇ ಸುರಿದೆ. ತಪ್ಪು ಮಣ್ಣಿನದೂ ಅಲ್ಲ, ನಿಮ್ಮ ನಾಲಿಗೇದೂ ಅಲ್ಲ. ನೆರಳು ಬರಲಿ, ಆಮೇಲೆ ಹೆಸರು ಹಾಕೋಣ." ಅಪ್ಪ ಬೇರೆ ಕಡೆ ನೋಡಿದರು. ಕೊಂಬೆ ತುಂಬಿಕೊಳ್ಳಲು ಎಷ್ಟು ವರ್ಷ ಬೇಕು, ಅತ್ತೆಗೆ ಆಗಲೇ ಎಷ್ಟು ವಯಸ್ಸು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಳೆಗೆ ಮುಂಚೆ ಕೊಂಬೆಯಣ್ಣ ಎಂದಿನಂತೆ ಕತ್ತಿ ಹಿಡಿದು ಬಂದ. ಅತ್ತೆ ಅವನನ್ನು ಮೇಲಿನ ತಾಕಿನ ಹಲಸಿನ ಮರದ ಕೆಳಗೆ ನಿಲ್ಲಿಸಿಕೊಂಡು, "ಏನನ್ನಿಸುತ್ತೆ? ತೆಗೀಬೇಕಾ?" ಎಂದರು.

"ನೀವು ಹೇಳಿದ ಹಾಗೆ, ಅಮ್ಮ."

"ನಾನು ಹೇಳಿದ ಹಾಗೆ ಕೇಳಿಕೊಂಡೇ ಹೀಗಾಗಿದ್ದು ಕಣೋ! ನಿನ್ನ ಕಣ್ಣಿಗೇನು ಕಾಣುತ್ತೆ ಹೇಳು. ಚಾಚು ಕೈ."

ಅವನು ಬೆಪ್ಪಾಗಿ ಕೈ ಚಾಚಿದ. ನನ್ನ ಕೈಯನ್ನೂ ಎಳೆದು ಪಕ್ಕಕ್ಕೆ ಹಿಡಿಸಿದರು.

ತಮ್ಮ ಕಣ್ಣೊಂದನ್ನೇ ನಂಬಿ ಬದುಕುವವರು ಸುತ್ತಲಿನವರ ಜೀವ ಹಿಂಡುತ್ತಾರೆ, ತಾವೂ ಒಂದು ಗಳಿಗೆ ನೆಮ್ಮದಿಯಿಂದ ಕೂರುವುದಿಲ್ಲ. ಅಂಥವರಿಲ್ಲದೆ ಯಾವ ತೋಟವೂ, ಯಾವ ಮನೆಯೂ ನಡೆಯುವುದಿಲ್ಲವೆಂಬುದೂ ಅಷ್ಟೇ ನಿಜ. ಆ ಕಣ್ಣು ಕೈಕೊಟ್ಟ ದಿನ ಅವರಲ್ಲಿ ಹೆಚ್ಚಿನವರು ಲೋಕವನ್ನೇ ಬೈದುಕೊಂಡು ಮೂಲೆ ಸೇರುತ್ತಾರೆ. ಇನ್ನೊಬ್ಬರ ಅಂಗೈಯಲ್ಲಿ ಎಷ್ಟು ಬಿಸಿಲಿದೆಯೆಂದು ನೋಡಲು ಬಗ್ಗುವವರು ಎಲ್ಲೋ ಒಬ್ಬರು. ಅಂದು ಅತ್ತೆ ಬಗ್ಗಿದರು. ಆ ಕತ್ತು ಕೆಳಗೆ ಬಾಗಿದ್ದನ್ನು ನಾನು ಮೊದಲು ಕಂಡದ್ದು ಆಗಲೇ.