ಸೊರಾಳ ಅಮ್ಮನ ಹೆಸರು ಬ್ಯಾನರ್ ಮೇಲೆ ಬೇಡ

ದಲ್‌ಮಿ ಎಂಬ ಕರಾವಳಿ ಊರಿನಲ್ಲಿ ಬೆಳ್ಳುಳ್ಳಿಗೆ ಬರವಿರಲಿಲ್ಲ, ಅಜ್ಜಿಯರಿಗೂ ಬರವಿರಲಿಲ್ಲ. ಬರ ಇದ್ದದ್ದು ಕೂಸುಗಳಿಗೆ. ಊರಿನಲ್ಲಿ ಎಳೆಮಗುವಿನ ಅಳು ಕೇಳಿ ಎಷ್ಟೋ ವರ್ಷವಾಗಿತ್ತು. ಶಾಲೆಗೆ ಬೀಗ ಬಿದ್ದು, ಅದರ ಅಂಗಳದಲ್ಲಿ ಈಗ ಬೆಳ್ಳುಳ್ಳಿ ಒಣಗಿಸುತ್ತಿದ್ದರು. ಪಕ್ಕದ ಊರಿನವರು ಸಂತೆಗೆ ಬಂದಾಗ, "ನಿಮ್ಮೂರಿನವರೆಲ್ಲಾ ಸೇರಿದ್ರೂ ಒಂದು ವ್ಯಾನ್ ತುಂಬಲ್ಲ ಬಿಡಿ" ಎಂದು ಮುಖದೆದುರೇ ಆಡಿಕೊಳ್ಳುತ್ತಿದ್ದರು.

ಅಂಥ ಊರಿನಲ್ಲಿ ಸುನ್‌ದೊಕ್ ಅಜ್ಜಿಯ ಸೊಸೆ ಹೇವೊನ್ ಹೆಣ್ಣುಮಗು ಹೆತ್ತಳು. ಸೊರಾ ಎಂದು ಹೆಸರಿಟ್ಟರು.

ಅಜ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೊಸೆಗೆ ಹೊತ್ತು ಹೊತ್ತಿಗೆ ಬಿಸಿಬಿಸಿ ಕಡಲಪಾಚಿ ಸಾರು ಮಾಡಿ ಕೊಟ್ಟಳು. ಹಿಂದಿನವರು ಮಾಡುತ್ತಿದ್ದಂತೆ ಹುಲ್ಲಿನ ಹಗ್ಗ ಹೊಸೆದು, ಹೆಣ್ಣುಮಗುವಿನ ಗುರುತಾಗಿ ಇದ್ದಿಲು, ಪೈನ್ ಸೊಪ್ಪು ಸಿಕ್ಕಿಸಿ ಬಾಗಿಲಿಗೆ ಅಡ್ಡ ಕಟ್ಟಿದಳು. ಹಗ್ಗ ಕಟ್ಟಿದ ಮನೆಯೊಳಗೆ ಮೂರು ವಾರ ಹೊರಗಿನವರು ಕಾಲಿಡುವಂತಿಲ್ಲ.

"ಈ ಕಾಲದಲ್ಲಿ ಇದನ್ನೆಲ್ಲಾ ಯಾರು ಕಟ್ತಾರಮ್ಮ?" ಎಂದ ಮಗ ಗ್ಯುತೆ.

"ನಾನು ಕಟ್ತೀನಿ. ನೀನು ಪಕ್ಕಕ್ಕೆ ನಿಲ್ಲು."

ಊರ ಮುಖ್ಯಸ್ಥ ಪಾನ್‌ಸೊಕ್ ಓಡೋಡಿ ಬಂದವನು ಹಗ್ಗ ನೋಡಿ ಆಚೆಯೇ ನಿಂತ. ಅಲ್ಲಿಂದಲೇ ಕೂಗಿದ: "ಅತ್ತಿಗೇ! ಬ್ಯಾನರ್ ಹಾಕ್ಸೋಣ! ರಸ್ತೆ ತಿರುವಿನಲ್ಲೇ, ಪಕ್ಕದೂರಿನವರ ಕಣ್ಣಿಗೆ ಹೊಡೆಯೋ ಹಂಗೆ!"

ಆ ಸೀಮೆಯಲ್ಲಿ ಯಾರ ಮಗ ಕೆಲಸ ಹಿಡಿದರೂ ಬ್ಯಾನರ್, ಯಾರ ಮೊಮ್ಮಗಳು ಪರೀಕ್ಷೆ ಗೆದ್ದರೂ ಬ್ಯಾನರ್. ಪಕ್ಕದ ಊರಿನವರ ಬ್ಯಾನರುಗಳ ಮುಂದೆ ಸುನ್‌ದೊಕ್ ಇಷ್ಟು ವರ್ಷ ಕತ್ತು ತಿರುಗಿಸಿಕೊಂಡು ಓಡಾಡಿದ್ದಳು. ಈಗ ತನ್ನ ಸರದಿ ಬಂದಿತ್ತು.

"ಏನೇನು ಬೇಕು ಹೇಳಪ್ಪ."

"ಹೆಸರು, ತಾರೀಕು ಒಂದೂ ತಪ್ಪಾಗ್ಬಾರ್ದು. ಹೋಬಳಿ ಕಚೇರಿಗೆ ಹೋಗಿ ಮಗೂದು ಜನನ ಪತ್ರ ತಂದ್ಕೊಡಿ. ಮಿಕ್ಕಿದ್ದು ನನಗೆ ಬಿಡಿ. ಪತ್ರಿಕೆಯವರಿಗೂ ಹೇಳಿದೀನಿ."

ಮರುದಿನವೇ ಅಜ್ಜಿ ಬಸ್ಸು ಹತ್ತಿದಳು. ಕಚೇರಿಯ ಹುಡುಗಿ ಸಮಾಧಾನದಿಂದಲೇ ಕೇಳಿದಳು: "ಅಜ್ಜಿ, ಸಾಮಾನ್ಯ ಪತ್ರ ಸಾಕಾ, ವಿವರದ್ದು ಬೇಕಾ? ಅಪ್ಪ ಅಮ್ಮನ ಗುರುತಿನ ಸಂಖ್ಯೆ ಅರ್ಧ ಮುಚ್ಚಿ ಕೊಡ್ತೀವಿ. ಅದೇ ಒಳ್ಳೇದು."

"ಮುಚ್ಚೋದಾ? ನಮ್ಮನೇಲಿ ಮುಚ್ಚಿಡೋ ಅಂಥದ್ದು ಏನಿದ್ಯಮ್ಮ? ನಾವೇನು ಕಳ್ಳರಾ? ಇರೋದೆಲ್ಲಾ ಹಾಕಿ ಕೊಡು. ನನ್ನ ಮೊಮ್ಮಗಳಿಗೆ ಯಾವುದರಲ್ಲೂ ಕಮ್ಮಿ ಆಗ್ಬಾರ್ದು."

ಹುಡುಗಿ ಇನ್ನೊಂದು ಸಲ ಹೇಳಿ ನೋಡಿದಳು. ಅಜ್ಜಿ ಜಗ್ಗಲಿಲ್ಲ. ಎಲ್ಲವೂ ಇದ್ದ ಪತ್ರವನ್ನು ಎದೆಗವಚಿಕೊಂಡು ಬಂದು ಪಾನ್‌ಸೊಕ್‌ನ ಕೈಗಿಟ್ಟಳು.

ಪಾನ್‌ಸೊಕ್ ಕೆಟ್ಟವನಲ್ಲ. ಆದರೆ ಅವನ ಕೈಗೆ ಮೈಕು ಸಿಕ್ಕಿತೆಂದರೆ ಮುಗಿಯಿತು. ಮೊದಲು ಪತ್ರದ ಫೋಟೋ ತೆಗೆದು ಊರಿನ ಮೊಬೈಲ್ ಗುಂಪಿಗೆ ಕಳಿಸಿದ. ಆ ಗುಂಪಿನಲ್ಲಿ ಊರಿನವರಷ್ಟೇ ಅಲ್ಲ, ಬುಸಾನ್ ಪಟ್ಟಣ ಸೇರಿದ ಮಕ್ಕಳು, ಅಳಿಯಂದಿರು, ಬೆಳ್ಳುಳ್ಳಿ ಕೊಳ್ಳುವ ದಲ್ಲಾಳಿಗಳೂ ಇದ್ದರು. ಅಷ್ಟು ಸಾಲದೆಂದು ಸಂಜೆ ಊರ ಭವನದ ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡ. ಊರ ಕಂಬಗಳ ಮೇಲಿನ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಮಾತಾಡಿದವು.

"ಊರಿನ ಸಮಸ್ತರಿಗೂ ತಿಳಿಸೋದೇನಂದ್ರೆ, ನಮ್ಮೂರಲ್ಲಿ ಹೆಣ್ಣುಮಗು ಜನಿಸಿದೆ! ಹೆಸರು ಸೊರಾ! ತಾಯಿ ಸೊ ಮನೆತನದ ಹೇವೊನ್! ತಾಯಿ ಹುಟ್ಟಿದ ತಾರೀಕು..."

ಸುನ್‌ದೊಕ್ ಅಂಗಳದಲ್ಲಿ ನಿಂತು, ಮದುವೆಯ ವಾದ್ಯ ಕೇಳುವವಳ ಹಾಗೆ ತಲೆದೂಗುತ್ತಿದ್ದಳು. ಒಳಗೆ ಬಂದು ನೋಡಿದರೆ ಸೊಸೆ ಕಿಟಕಿ ಮುಚ್ಚಿ, ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಳು.

"ಏನಮ್ಮ ಇದು? ಬಾಣಂತಿ ಎದ್ದು ಎಲ್ಲಿಗೆ ಹೊರಟೆ?"

"ನನ್ನ ಹೆಸರು ಯಾಕೆ ಕೊಟ್ರಿ ಅತ್ತೆ? ಯಾರನ್ನ ಕೇಳಿ ಕೊಟ್ರಿ?"

ಅಜ್ಜಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಯಾಕೆ, ಈ ಮನೆ ಸೊಸೆ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ ನಿಂಗೆ?"

"ನಾಚಿಕೆ ಅಲ್ಲ, ಭಯ" ಎಂದಳು ಹೇವೊನ್. "ನಮ್ಮಪ್ಪ ಬದುಕಿದಾನೆ ಅತ್ತೆ. ಚಿಕ್ಕಂದಿನಿಂದ ಹೊಡೆದು ಹೊಡೆದು ಹಾಕಿದಾನೆ. ಮನೆ ಬಿಟ್ಟು ಬಂದ ಮೇಲೂ ಹುಡುಕ್ಕೊಂಡು ಬಂದ. ಎಲ್ಲಿ ಬಾಡಿಗೆ ಮನೆ ಮಾಡಿದ್ರೂ ಅಲ್ಲಿಗೆ ಬಂದ. ಹೆತ್ತ ಅಪ್ಪ ಅಲ್ವಾ, ಕಚೇರಿಗೆ ಹೋಗಿ ನನ್ನ ವಿಳಾಸದ ಪತ್ರ ಕೇಳಿದ್ರೆ ಸಿಗ್ತಿತ್ತು. ಇಲ್ಲಿ ಮಾತ್ರ ಇನ್ನೂ ಬಂದಿಲ್ಲ. ಈ ಊರು ಬಿಟ್ಟು ಹೋಗೋಕೆ ನಂಗೆ ಮನಸ್ಸಿಲ್ಲ. ಆದ್ರೆ ಸೊರಾನ ಅವನ ಕಣ್ಣಿಗೆ ಬೀಳೋಕೆ ಬಿಡಲ್ಲ."

ಮದುವೆಯಲ್ಲಿ ಹೆಣ್ಣಿನ ಕಡೆಯ ಕುರ್ಚಿಗಳು ಖಾಲಿ ಇದ್ದದ್ದು ಸುನ್‌ದೊಕ್‌ಗೆ ಗೊತ್ತಿತ್ತು. ಹೆತ್ತವರು ತೀರಿಕೊಂಡಿರಬೇಕು ಎಂದುಕೊಂಡು ಕೆದಕಿ ಕೇಳಿರಲಿಲ್ಲ. ಗ್ಯುತೆಗೆ ಎಲ್ಲಾ ಗೊತ್ತಿತ್ತು, ಹೆಂಡತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ಅಲ್ಲೇ ನೆಲದ ಮೇಲೆ ಕೂತಳು. ಮೊಮ್ಮಗಳನ್ನು ಮೆರೆಸಲು ಹೋಗಿ ಮೊಮ್ಮಗಳನ್ನೇ ಕಳೆದುಕೊಳ್ಳುವಂತಾಗಿತ್ತು.

ಅಷ್ಟರಲ್ಲಿ ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಊರಿನ ಆರೋಗ್ಯ ಕೇಂದ್ರದ ನರ್ಸ್ ಜೊಂಗಿಮ್ ಬಂದಿದ್ದಳು. ಬಸುರಿಯಿದ್ದಾಗಿನಿಂದ ಹೇವೊನ್‌ಳನ್ನು ನೋಡಿಕೊಂಡವಳು ಅವಳೇ. ಮೈಕಿನಲ್ಲಿ ಹೆಸರು ಕೇಳುತ್ತಲೇ ಹೊರಟು, ದಾರಿಯಲ್ಲಿ ಪಾನ್‌ಸೊಕ್‌ನನ್ನೂ ಹಿಂದೆ ಕೂರಿಸಿಕೊಂಡು ಬಂದಿದ್ದಳು.

ಪಾನ್‌ಸೊಕ್ ಹಗ್ಗದಾಚೆ ನಿಂತು ಗೊಣಗಿದ: "ಅಲ್ಲ ನರ್ಸಮ್ಮ, ನಾನು ಒಳ್ಳೇದೇ ತಾನೇ ಮಾಡಿದ್ದು? ಊರವರೆಲ್ಲಾ ನಮ್ಮವರೇ. ಹೆಸರು ಗೊತ್ತಾದ್ರೆ ಏನಾಗತ್ತೆ?"

"ಊರವರಿಗೆ ಹೆಸರು ಗೊತ್ತಾದ್ರೆ ಏನೂ ಆಗಲ್ಲ. ನೀವು ಕಳಿಸಿದ ಫೋಟೋ ಊರಲ್ಲೇ ಕೂರತ್ತಾ? ನಿಮ್ಮ ಗುಂಪಲ್ಲಿರೋ ದಲ್ಲಾಳಿ ಯಾರು, ಅವನ ಗೆಳೆಯ ಯಾರು, ಗೊತ್ತಾ ನಿಮಗೆ? ಗುರುತಿನ ಸಂಖ್ಯೆ ಪೂರ್ತಿ ಇದೆ ಅದರಲ್ಲಿ. ಕೇಡಿಗರ ಕೈಗೆ ಸಿಕ್ರೆ ಗ್ಯುತೆ ಹೆಸರಲ್ಲಿ ಮೊಬೈಲ್ ತಗೋತಾರೆ, ಸಾಲಾನೂ ಎತ್ತುತಾರೆ."

"ಪತ್ರ ಮಗೂದಲ್ವಾ?" ಎಂದಳು ಸುನ್‌ದೊಕ್, ದನಿ ಸಣ್ಣದು ಮಾಡಿ.

"ಪತ್ರ ಮಗೂದೇ ಅಜ್ಜಿ. ಆದ್ರೆ ಅದರೊಳಗೆ ಅಪ್ಪ ಅಮ್ಮ ಇಬ್ಬರ ವಿವರಾನೂ ಇದೆ. ಅದನ್ನ ಯಾರಿಗೆ ತೋರಿಸ್ಬೇಕು ಅಂತ ಅವರೇ ಹೇಳ್ಬೇಕು. ಹೋಗ್ಲಿ, ಒಂದು ಕೇಳ್ತೀನಿ. ಬಾಗಿಲಿಗೆ ಹಗ್ಗ ಯಾಕೆ ಕಟ್ಟಿದ್ರಿ?"

"ಇನ್ಯಾಕೆ? ಮಗು ಹುಟ್ಟಿದೆ ಅಂತ ಎಲ್ರಿಗೂ ತಿಳೀಲಿ, ಆದ್ರೆ ಒಳಗೆ ಯಾರೂ ನುಗ್ಗಬಾರ್ದು ಅಂತ."

"ಹಗ್ಗದ ಮೇಲೆ ಸೊಸೆ ಹೆಸರು ಬರೆದಿದ್ರಾ? ಅವಳು ಹುಟ್ಟಿದ ತಾರೀಕು?"

ಅಜ್ಜಿ ಹಗ್ಗದ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಆಮೇಲೆ ಎದ್ದು, ಚೀಲದಿಂದ ಮಗುವಿನ ಬಟ್ಟೆ ಒಂದೊಂದಾಗಿ ತೆಗೆದು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

"ನೀನು ಎಲ್ಲಿಗೂ ಹೋಗೋದು ಬೇಡ" ಎಂದಳು. "ತಪ್ಪು ನಂದು. ಸರಿ ಮಾಡೋಳೂ ನಾನೇ. ಏ ಪಾನ್‌ಸೊಕ್! ಫೋನ್ ತೆಗಿ!"

ಪಾನ್‌ಸೊಕ್ ಅಲ್ಲೇ ಫೋಟೋ ಅಳಿಸಿದ. ಬ್ಯಾನರ್ ಮಾಡುವವನಿಗೂ ಪತ್ರಿಕೆಯವರಿಗೂ ಫೋನು ಮಾಡಿ ಹೆಸರುಗಳನ್ನು ತಡೆದ. ಅಷ್ಟಕ್ಕೆ ಸುನ್‌ದೊಕ್‌ಗೆ ಸಮಾಧಾನವಾಗಲಿಲ್ಲ. ಊರುಗೋಲು ಹಿಡಿದು ಮನೆಮನೆಗೆ ಹೋದಳು. "ಆ ಫೋಟೋ ಇದ್ಯಾ? ಅಳಿಸು. ನನ್ನ ಕಣ್ಣ ಮುಂದೆ ಅಳಿಸು. ಬುಸಾನಲ್ಲಿರೋ ನಿನ್ನ ಮಗನಿಗೂ ಹೇಳು. ಯಾಕೆ ಅಂತ ಕೇಳ್ಬೇಡ." ಮೊಬೈಲು ಒತ್ತಲು ಬಾರದ ಮುದುಕರೆಲ್ಲ ಆ ಸಂಜೆ ಫೋಟೋ ಅಳಿಸುವುದನ್ನು ಕಲಿತರು.

ಬೆಳಗಾದ ಮೇಲೆ ಜೊಂಗಿಮ್ ಅತ್ತೆ ಸೊಸೆ ಇಬ್ಬರನ್ನೂ ಹೋಬಳಿ ಕಚೇರಿಗೆ ಕರೆದುಕೊಂಡು ಹೋದಳು. ಮೂರು ವಾರ ಮುಗಿಯುವ ಮೊದಲೇ ಬಾಣಂತಿ ಹೊಸಿಲು ದಾಟಿದ್ದಕ್ಕೆ ಈ ಸಲ ಅಜ್ಜಿಯ ತಕರಾರಿರಲಿಲ್ಲ. ಮನೆಯವರಿಂದಲೇ ಹಿಂಸೆ ಪಟ್ಟವರು ಆಧಾರ ತೋರಿಸಿ ಅರ್ಜಿ ಕೊಟ್ಟರೆ, ಹಿಂಸೆ ಕೊಟ್ಟವನು ಹೆತ್ತ ಅಪ್ಪನೇ ಆದರೂ ಅವನಿಗೆ ಅವರ ಪತ್ರ ಸಿಗದಂತೆ ತಡೆಯಬಹುದು. ಹೇವೊನ್ ಹಿಂದೆ ಆಸರೆ ಪಡೆದಿದ್ದ ಸಾಂತ್ವನ ಕೇಂದ್ರದ ಕಾಗದ ಅವಳ ಹತ್ತಿರ ಇತ್ತು. ಇಂಥದ್ದೊಂದು ದಾರಿ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅರ್ಜಿಗೆ ಸಹಿ ಹಾಕುವಾಗ ಕಣ್ಣು ತುಂಬಿ ಬಂತು.

"ಇದು ಇಷ್ಟು ದಿನ ಎಲ್ಲಿತ್ತು ನರ್ಸಮ್ಮ?"

"ಇಲ್ಲೇ ಇತ್ತು. ನಾವು ಕೇಳ್ಬೇಕಿತ್ತು ಅಷ್ಟೆ."

ಕಚೇರಿಯ ಹುಡುಗಿ ಕೇಳಿದಳು: "ಅಜ್ಜಿ, ಇವತ್ತು ಪತ್ರ ಏನಾದ್ರೂ ಬೇಕಾ?"

"ಮಗು ಹುಟ್ಟಿದ್ದಕ್ಕೆ ಸರ್ಕಾರ ಕೊಡೋ ಉಡುಗೊರೆಗೆ ಅರ್ಜಿ ಹಾಕೋಕೆ ಒಂದು ಬೇಕು. ಎಷ್ಟು ಕಮ್ಮಿ ಇರತ್ತೋ ಅಷ್ಟು ಕಮ್ಮಿದು ಕೊಡವ್ವ. ಮುಚ್ಚೋದೆಲ್ಲಾ ಮುಚ್ಚಿ ಕೊಡು" ಎಂದಳು ಸುನ್‌ದೊಕ್. ಹುಡುಗಿ ನಗು ತಡೆಯಲಾರದೆ ತಲೆ ತಗ್ಗಿಸಿದಳು.

ಸೊರಾಳಿಗೆ ನೂರು ದಿನ ತುಂಬಿದಾಗ ಊರಿಗೆ ಊರೇ ಭವನದಲ್ಲಿ ನೆರೆಯಿತು. ಬೆಳ್ಳಗಿನ ಅಕ್ಕಿ ಕಡುಬು ಹಬೆಯಾಡುತ್ತಿತ್ತು. ರಸ್ತೆ ತಿರುವಿನಲ್ಲಿ ಬ್ಯಾನರ್ ಏರಿತ್ತು: "ನಮ್ಮೂರಿಗೆ ಸೊರಾ ಬಂದಳು! ಪಕ್ಕದೂರಿನವರೇ, ನಿಮ್ಮದು ಯಾವಾಗ?" ಅಪ್ಪನ ಹೆಸರಿಲ್ಲ, ಅಮ್ಮನ ಹೆಸರಿಲ್ಲ, ಮನೆತನದ ಹೆಸರಿಲ್ಲ. ಆದರೂ ಪಕ್ಕದ ಊರಿನ ಮುಖ್ಯಸ್ಥ ಅದನ್ನು ಓದಿ ಮುಖ ಸಿಂಡರಿಸಿಕೊಂಡು ಹೋದ ಎಂಬ ಸುದ್ದಿ ಬಂದಾಗ ಭವನದಲ್ಲಿ ಚಪ್ಪಾಳೆ ಬಿತ್ತು. ಪತ್ರಿಕೆಯವರು ಬಂದು ಮಗುವಿನ ಪುಟ್ಟ ಪಾದದ ಫೋಟೋ ಮಾತ್ರ ತೆಗೆದುಕೊಂಡು, ಕಡುಬು ತಿಂದು ಹೋದರು.

ಊಟದ ನಡುವೆ ಭವನದ ಫೋನು ಹೊಡೆದುಕೊಂಡಿತು. ಹತ್ತಿರವಿದ್ದ ಸುನ್‌ದೊಕ್ ಎತ್ತಿದಳು. ಆಚೆ ಗಂಡಸಿನ ದನಿ, ಎಲ್ಲರಿಗೂ ಕೇಳುವಷ್ಟು ಜೋರು.

"ನಾನು ಪಾರ್ಸೆಲ್ ಕಚೇರಿಯಿಂದ. ಕರಾವಳಿ ಊರುಗಳಿಗೆಲ್ಲಾ ಫೋನ್ ಮಾಡ್ತಿದೀನಿ. ಸೊ ಹೇವೊನ್ ಅನ್ನೋ ಹೆಂಗಸು ನಿಮ್ಮೂರಲ್ಲಿದಾಳಾ? ಉಡುಗೊರೆ ಬಂದಿದೆ."

ಹೇವೊನ್‌ಳ ಮುಖ ಬಿಳಿಚಿಕೊಂಡಿತು. ಆ ದನಿ ಅವಳ ಅಪ್ಪನದೆಂದು ಯಾರೂ ಹೇಳಬೇಕಾಗಿರಲಿಲ್ಲ. ಪಾನ್‌ಸೊಕ್ ತನ್ನ ಬಾಯಿಗೆ ತಾನೇ ಕೈ ಮುಚ್ಚಿಕೊಂಡ.

"ಉಡುಗೊರೆನಾ? ಭಾಳ ಸಂತೋಷ" ಎಂದಳು ಸುನ್‌ದೊಕ್, ಜೇನು ಸುರಿಯುವ ದನಿಯಲ್ಲಿ. "ಮೊದ್ಲು ನಿಮ್ಮ ಹೆಸರು ಹೇಳಿ, ಬರ್ಕೋತೀನಿ. ಅಪ್ಪನ ಹೆಸರು? ಅಮ್ಮನ ಹೆಸರು? ಹುಟ್ಟಿದ ತಾರೀಕು? ಗುರುತಿನ ಸಂಖ್ಯೆ ಪೂರ್ತಿ ಹೇಳ್ಬೇಕು, ಅರ್ಧಂಬರ್ಧ ನಡೆಯಲ್ಲ."

"ಅದೆಲ್ಲಾ ನಿಂಗ್ಯಾಕೆ? ನಂದು ನಾನ್ಯಾಕೆ ಹೇಳ್ಲಿ?"

"ಸರಿಯಾಗಿ ಹೇಳಿದ್ರಿ! ನಿಮ್ದು ನೀವು ಹೇಳಲ್ಲ ಅಂದ್ಮೇಲೆ, ಇನ್ನೊಬ್ಬರದ್ದು ನಾನ್ಯಾಕೆ ಹೇಳ್ಲಿ?"

ಆಚೆಯವನ ಸಿಟ್ಟು ನೆತ್ತಿಗೇರಿತು. "ಆ ಕಚೇರಿಯವರೂ ಪತ್ರ ಕೊಡಲ್ಲ ಅಂತಾರೆ, ನೀವೂ ಬಾಯಿ ಬಿಡಲ್ಲ! ಎಲ್ಲಾ ಸೇರ್ಕೊಂಡಿದೀರಾ?"

"ಹೌದಪ್ಪ" ಎಂದಳು ಸುನ್‌ದೊಕ್. "ಎಲ್ಲಾ ಸೇರ್ಕೊಂಡಿದೀವಿ."

ಫೋನು ಕಟ್ಟಾಯಿತು. ಆಮೇಲೆ ಭವನದ ಸೂರು ಹಾರಿಹೋಗುವಂಥ ಕೇಕೆ ಎದ್ದಿತು. ಮುದುಕಿಯರು ನೆಲ ಬಡಿದು ನಕ್ಕರು, ಗ್ಯುತೆ ಅಮ್ಮನನ್ನು ಎತ್ತಿಕೊಂಡೇಬಿಟ್ಟ. ಜೊಂಗಿಮ್ ಕರೆ ಬಂದ ನಂಬರನ್ನು ಆಗಲೇ ಪೊಲೀಸರಿಗೆ ತಿಳಿಸುತ್ತಿದ್ದಳು. ಹೇವೊನ್ ಮಗುವನ್ನು ಎದೆಗೊತ್ತಿಕೊಂಡು ಅತ್ತಳು. ಅಳುತ್ತಲೇ ನಗತೊಡಗಿದಳು.

"ಅತ್ತೆ, ಕಚೇರಿಯವರು ಕೊಡಲಿಲ್ಲವಂತೆ! ಕೇಳಿಸ್ಕೊಂಡ್ರಾ? ಕೊಡಲಿಲ್ಲವಂತೆ!"

"ಕೇಳಿಸ್ತು ಕಣೆ. ಇನ್ನು ಕೂತ್ಕೊಂಡು ಹೊಟ್ಟೆ ತುಂಬ ಊಟ ಮಾಡು. ನೀನು ನಮ್ಮೂರವಳು, ನಿನ್ನನ್ನ ಇಲ್ಲಿಂದ ಎಬ್ಬಿಸೋ ಗಂಡು ಇನ್ನೂ ಹುಟ್ಟಿಲ್ಲ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂದಲ್ಲ ನಾಳೆ ಒಂದು ಮಗು ಹುಟ್ಟುತ್ತದೆ. ಊರಿಗೆಲ್ಲ ಸಿಹಿ ಹಂಚಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಮಗುವಿನ ಜನನ ಪತ್ರದ ಫೋಟೋ ಮೊಬೈಲ್ ಗುಂಪಿಗೆ ಹಾಕಬೇಡಿ. ಯಾರಾದರೂ ಅದರ ಪ್ರತಿ ಕೇಳಿದರೆ, ಯಾಕೆ ಬೇಕು, ಕೆಲಸ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಬಾಯಿ ಬಿಟ್ಟು ಕೇಳಿ, ಅದರಲ್ಲಿ ಸಂಕೋಚ ಏನೂ ಇಲ್ಲ. ಕೊಡಲೇಬೇಕಾದರೆ ಆ ಕೆಲಸಕ್ಕೆ ಸಾಕಾಗುವಷ್ಟು ವಿವರ ಮಾತ್ರ ಕೊಡಿ, ಯಾವ ಕೆಲಸಕ್ಕೆ ಕೊಟ್ಟಿದ್ದೆಂದು ಪ್ರತಿಯ ಮೇಲೇ ಬರೆಯಿರಿ. ಮನೆಯವರಿಂದಲೇ ಹೆದರಿಕೆ ಇರುವವರು ಬಾಯಿ ಮುಚ್ಚಿಕೊಂಡು ಊರು ಬಿಡಬೇಡಿ, ನಿಮ್ಮೂರಿನ ನರ್ಸಮ್ಮನ ಹತ್ತಿರವೋ ಕಚೇರಿಯಲ್ಲೋ ನೆರವು ಕೇಳಿ. ಅಜ್ಜಿಯರೇ, ನಿಮಗೊಂದು ಮಾತು ಬೇರೆಯೇ ಇದೆ: ಮೊಮ್ಮಗಳನ್ನು ಮೆರೆಸುವ ಮೊದಲು ಸೊಸೆಯನ್ನು ಒಂದು ಮಾತು ಕೇಳಿ.