ಅಮಾವಾಸ್ಯೆಯ ಒಂದು ರೂಪಾಯಿ

ಎಪ್ಪತ್ತರ ದಶಕದ ಮಾತು; ಆಗ ಅಂಗಡಿಗಳ ಲೆಕ್ಕದ ವರ್ಷ ದೀಪಾವಳಿಗೇ ಮುಗಿಯುತ್ತಿತ್ತು. ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಕರಿಬಸಪ್ಪನವರ ಪೇಂಟು, ಪೈಪಿನ ಅಂಗಡಿ. ಲೆಕ್ಕ ಬರೆಯುವವಳು ಹೆಂಡತಿ ಜಯದೇವಿ. ಅಂಗಡಿಯ ಸಾಲಗಾರರಲ್ಲೆಲ್ಲ ಅವಳ ಮೈ ಉರಿಸುವವರು ಗುರುಸಿದ್ದಯ್ಯನವರು. ಸುಂಕದಕಟ್ಟೆಯಲ್ಲಿ ಮನೆ ಕಟ್ಟಿಸುವಾಗ ಎರಡು ಸಾವಿರದ ಸಾಮಾನು ಕಡ ಒಯ್ದು ವರ್ಷಗಳೇ ಆಗಿದ್ದವು. ಏನೂ ಕೊಟ್ಟಿಲ್ಲ ಎನ್ನುವ ಹಾಗೂ ಇಲ್ಲ. ಪ್ರತಿ ದೀಪಾವಳಿಯ ಅಮಾವಾಸ್ಯೆಗೆ ಅಂಗಡಿಯ ಲಕ್ಷ್ಮೀಪೂಜೆಗೆ ಬಂದು, ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಟ್ಟು, "ಲೆಕ್ಕ ಜೀವಂತ ಇರಲಿ" ಎಂದು ಕೈಮುಗಿದು ಹೋಗುವರು.

ಆ ಒಂದು ರೂಪಾಯಿಯೇ ತಲೆನೋವಾಗಿತ್ತು. ಬಾರದ ದುಡ್ಡಿಗೆ ಟ್ಯಾಕ್ಸು ಎಂದೋ ಕಟ್ಟಿಯಾಗಿತ್ತು. ಈಗಲಾದರೂ ಅದನ್ನು ನಷ್ಟಕ್ಕೆ ಬರೆದರೆ ಈ ವರ್ಷದ ಟ್ಯಾಕ್ಸು ಇಳಿದು, ಮಗಳು ಜಗದಾಂಬಾಳ ಕಾಲೇಜು ಫೀಸಿಗೆ ದುಡ್ಡು ಉಳಿಯುತ್ತಿತ್ತು. ಆಫೀಸರು ಒಪ್ಪಿರಲಿಲ್ಲ: "ವರ್ಷಾ ವರ್ಷಾ ಕೊಡ್ತಾ ಇದಾರಲ್ರೀ, ಮುಳುಗಿದ ಸಾಲ ಹೇಗಾಗುತ್ತೆ?"

"ಈ ಸಲ ಅವರ ಕೈಲೇ 'ನನ್ನಿಂದ ಆಗಲ್ಲ' ಅಂತ ಬರೆಸ್ಕೊಳ್ಳಿ ಅಮ್ಮಾ," ಎಂದಿದ್ದ ಟ್ಯಾಕ್ಸಿನ ಕಾಗದ ನೋಡುವ ನಾಣಿ. "ಆದ್ರೆ ಅಮಾವಾಸ್ಯೆ ಒಳಗೆ. ಅವತ್ತಿಗೆ ನಿಮ್ಮ ಲೆಕ್ಕದ ವರ್ಷ ಮುಗೀತು."

ಜಯದೇವಿ ಬಸ್ಸು ಹತ್ತಿ ಸುಂಕದಕಟ್ಟೆಗೆ ಹೋದಾಗಲೆಲ್ಲ ಗುರುಸಿದ್ದಯ್ಯನವರ ಮನೆಗೆ ಬೀಗ. ಅಮಾವಾಸ್ಯೆಯ ಸಂಜೆ ಮಾತ್ರ, ಮಂಗಳಾರತಿಯ ಹೊತ್ತಿಗೆ ಸರಿಯಾಗಿ, ಇಸ್ತ್ರಿ ಮಾಡಿದ ಪಂಚೆಯಲ್ಲಿ ಹಾಜರು.

ಜಯದೇವಿ ಬಾಗಿಲಲ್ಲೇ ಅಡ್ಡ ನಿಂತಳು. "ರೂಪಾಯಿ ಒಳಗಿಡಿ ಅಣ್ಣಾವ್ರೇ. ಕೊಡಕ್ಕಾಗಲ್ಲ ಅಂತ ಒಂದು ಮಾತು ಬರೆದುಕೊಡಿ, ಸಾಕು."

"ಏನ್ ತಂಗೀ, ನನ್ನ ಏನಂದ್ಕೊಂಡಿದೀಯ? ಒಬ್ಬರ ಋಣ ಇಟ್ಕೊಂಡವನಲ್ಲ ನಾನು!"

"ಹಾಗಾದ್ರೆ ಕೊಟ್ಟುಬಿಡಿ."

"ಕೊಡ್ತೀನಲ್ಲ, ಇಗೋ." ರೂಪಾಯಿ ಹೊರಬಂತು.

"ಅದಲ್ಲ, ಎಲ್ಲಾನೂ!"

"ಜಯಾ, ಪೂಜೆ ಹೊತ್ತಲ್ಲಿ ಬಂದ ಲಕ್ಷ್ಮೀನ ಬೇಡ ಅಂತೀಯಾ?" ಎಂದು ಗದರಿದ ಕರಿಬಸಪ್ಪ, ಅವಳ ಹೆಗಲ ಮೇಲಿಂದಲೇ ಕೈಚಾಚಿ ರೂಪಾಯಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು.

"ಇವರೊಬ್ಬರು!" ಜಯದೇವಿ ಹಲ್ಲು ಕಚ್ಚಿದಳು. ಗುರುಸಿದ್ದಯ್ಯನವರ ಹತ್ತಿರ ಹೋಗಿ ದನಿ ತಗ್ಗಿಸಿದಳು. "ಮಗಳ ಫೀಸು ಕಟ್ಟಬೇಕು. ನಿಮ್ಮನ್ನ ಬೈಯಲ್ಲ, ಯಾರಿಗೂ ಹೇಳಲ್ಲ. ನಿಜ ಹೇಳಿ, ನಿಮ್ಮ ಕೈಲಾಗುತ್ತಾ?"

ಅವರು ಬೀದಿಯತ್ತ ನೋಡಿದರು. ಮುಖದ ಠೀವಿ ಇಳಿಯಿತು. "ಇಲ್ಲ ತಂಗೀ," ಎಂದರು ಮೆಲ್ಲಗೆ. "ಮನೆ ಮಾರಿ ಆಗ್ಲೇ ಎರಡು ತಿಂಗಳಾಯ್ತು."

ಜಯದೇವಿಗೆ ಮರುಕವೂ ಬಂತು, ಹೋದ ಜೀವವೂ ಬಂತು. ಕಾಗದ, ಪೆನ್ನು ಚಾಚಿದಳು. "ಇಷ್ಟನ್ನೇ ಬರೀರಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಛೆ ಛೆ, ಹಬ್ಬದ ದಿನ ಇಲ್ಲ ಅಂತ ಬರೀಬಾರದು. ನಾಳೆ ಬಂದು ಖಂಡಿತಾ ಬರ್ಕೊಡ್ತೀನಿ."

"ನಾಳೆ ಅಂದ್ರೆ ಮುಂದಿನ ವರ್ಷದ ಲೆಕ್ಕ," ಎಂದ, ಪೂಜೆಗೆ ಬಂದು ಲಾಡು ತಿನ್ನುತ್ತಿದ್ದ ನಾಣಿ.

"ಕೊಡೋದಕ್ಕೂ ನಾಳೆ, ಕೊಡಲ್ಲ ಅನ್ನೋದಕ್ಕೂ ನಾಳೆ!" ಜಯದೇವಿ ಹಣೆ ಚಚ್ಚಿಕೊಂಡಳು. ಗಲ್ಲಾದಿಂದ ಫೀಸಿನ ದುಡ್ಡು ತೆಗೆದು ನಾಣಿಯ ಮುಂದೆ ಕುಕ್ಕಿದಳು. "ತಗೊಳ್ಳಿ, ಕಟ್ಟಿ ಟ್ಯಾಕ್ಸು. ಕೈ ತೊಳ್ಕೊಂಡು ಎಣಿಸ್ಕೊಳ್ಳಿ."